ಹೆಗಲಿಗೆ ತಕ್ಕ ಹೊರೆ

ಡೊಂಬಿವಲಿಯಲ್ಲಿ ಸಂಸಾರ ಹೂಡಿದವರಿಗೆ ಸದ್ದಿನ ಪರಿಚಯವನ್ನು ಬೇರೆಯವರು ಮಾಡಿಕೊಡಬೇಕಾಗಿಲ್ಲ. ಮುಂಜಾವಿನ ಮೊದಲ ಲೋಕಲ್ ಗಾಡಿಯ ಕೂಗಿನಿಂದ ತೊಡಗಿ ರಿಕ್ಷಾಗಳ ಹಾರನ್, ಮೇಲಣ ಮನೆಯ ಮಿಕ್ಸರ್, ಗಣೇಶ ಚತುರ್ಥಿಯ ಢೋಲು ತಾಶೆಗಳವರೆಗೆ ಎಲ್ಲವೂ ನಮ್ಮ ಕಿವಿಗೆ ನೆಂಟರಾಗಿಬಿಟ್ಟಿವೆ. ಈಚಿನ ವರ್ಷಗಳಲ್ಲಿ ಈ ನೆಂಟರ ಸಾಲಿಗೆ ಇನ್ನೊಬ್ಬನು ಬಂದು ಸೇರಿದ್ದಾನೆ. ಇವನು ಕಿವಿಯ ಕದವನ್ನು ತಟ್ಟುವುದಕ್ಕೆ ಮೊದಲೇ ಎದೆಯನ್ನು ಗುದ್ದುತ್ತಾನೆ. ಬೀದಿಯಲ್ಲಿ ಕಾರೊಂದು ಹಾದುಹೋಗುತ್ತದೆ. ಹಾಡಿನ ಮಾತು ಕೇಳಿಸದು, ರಾಗವೂ ಕೇಳಿಸದು. ‘ಧಂ ಧಂ’ ಎಂಬ ಪೆಟ್ಟು ಮಾತ್ರ ಗೋಡೆಯನ್ನು ದಾಟಿ ಬಂದು ಕಪಾಟಿನ ಲೋಟಗಳನ್ನು ನಡುಗಿಸುತ್ತದೆ. ಆ ಕಾರಿನ ಡಿಕ್ಕಿಯಲ್ಲಿ ಕುಳಿತಿರತಕ್ಕ ಪೆಟ್ಟಿಗೆಗೆ ಸಬ್‌ವೂಫರ್ ಎಂದು ಹೆಸರು. ಅದರ ಮೇಲೆ ನಮಗೆ ಕೋಪವುಂಟು; ಆ ಕೋಪ ಇಂದಿಗೂ ಪೂರ್ತಿಯಾಗಿ ಇಳಿದಿಲ್ಲ. ಆದರೆ ಕಳೆದ ಮಳೆಗಾಲದಿಂದೀಚೆಗೆ ಅದರ ಜೊತೆಗೆ ಕೊಂಚ ಗೌರವವೂ ಹುಟ್ಟಿಕೊಂಡಿದೆ. ಅದು ಹುಟ್ಟಿದ ಬಗೆಯನ್ನು ನಮ್ಮ ವಿದ್ಯಾರ್ಥಿ ಮಿತ್ರರಿಗೂ ಅವರ ತಂದೆತಾಯಿಗಳಿಗೂ ಅರುಹಬೇಕೆಂಬ ಆಸೆಯಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ನಮ್ಮ ಕಟ್ಟಡದ ಕೆಳಮನೆಯಲ್ಲಿ ಉಡುಪಿಯ ಕಡೆಯ ಹಿರಿಯರೊಬ್ಬರಿದ್ದಾರೆ. ಸಣ್ಣದೊಂದು ಹೋಟೆಲು ಅವರ ಜೀವನ. ಯಕ್ಷಗಾನ ಅವರ ಜೀವ. ವರ್ಷಕ್ಕೆರಡು ಬಾರಿ ಕೊಂಕಣದ ಹೆದ್ದಾರಿ ಹಿಡಿದು ಕಾರಿನಲ್ಲಿ ಊರಿಗೆ ಹೋಗುವಾಗ ದಾರಿಯುದ್ದಕ್ಕೂ ತಾಳಮದ್ದಳೆಯ, ಬಯಲಾಟದ ಧ್ವನಿಮುದ್ರಿಕೆಗಳನ್ನು ಕೇಳುತ್ತ ಹೋಗುವುದು ಅವರ ವ್ರತ. ಕಾರಿನ ಬಾಗಿಲುಗಳಲ್ಲಿದ್ದ ಚಿಕ್ಕ ಸ್ಪೀಕರುಗಳಲ್ಲಿ ಚೆಂಡೆ ಕೇಳಿಸುತ್ತಿತ್ತು, ಭಾಗವತರ ಕಂಠ ಕೇಳಿಸುತ್ತಿತ್ತು; ಮದ್ದಳೆಯ ಎಡಮುಖದ ಗಂಭೀರ ನಾದ ಮಾತ್ರ ಕೇಳಿಸುತ್ತಿರಲಿಲ್ಲ. ಮನುಷ್ಯನ ಕಿವಿಯು ಸೆಕೆಂಡಿಗೆ 20ರಿಂದ 20,000ದವರೆಗಿನ ಕಂಪನಗಳನ್ನು ಗ್ರಹಿಸಬಲ್ಲುದೆಂದು ವಿಜ್ಞಾನ ಹೇಳುತ್ತದೆ. ಆ ಅಳತೆಗೋಲಿನ ಕೆಳತುದಿಯಲ್ಲಿ, ಸುಮಾರು 100 ಕಂಪನಗಳಿಗಿಂತ ಕೆಳಗಿರತಕ್ಕ ಮಂದ್ರ ಸ್ವರವನ್ನು ಹೊರಡಿಸಬೇಕಾದರೆ ಬಹಳ ಗಾಳಿಯನ್ನು ತಳ್ಳಬೇಕು. ಅಂಗೈಯಗಲದ ಸ್ಪೀಕರಿಗೆ ಆ ಶಕ್ತಿಯಿಲ್ಲ. ಅದಕ್ಕೆಂದೇ ಹುಟ್ಟಿದ್ದು ಹತ್ತು ಹನ್ನೆರಡು ಅಂಗುಲಗಳ ಸಬ್‌ವೂಫರ್. ಹಿರಿಯರು ಹನ್ನೆರಡು ಅಂಗುಲದವು ಎರಡನ್ನು ಕೊಂಡರು. ಅವನ್ನು ನಡೆಸಲು ಆಂಪ್ಲಿಫೈಯರ್ ಒಂದನ್ನೂ ಕೊಂಡರು. ಒಂದು ಅಂಗಡಿಯವರು ಜೋಡಿಸಿ ಕೊಟ್ಟರು. ಹದಿನೈದು ದಿನಗಳೊಳಗೆ ಆಂಪ್ಲಿಫೈಯರ್ ಸುಟ್ಟಿತು. ಬೇರೊಂದನ್ನು ಹಾಕಿಸಿದರು, ಪನವೇಲ್ ದಾಟುವುದರೊಳಗೆ ಅದೂ ಸುಟ್ಟಿತು. ಆಗ ಅವರು ನಮ್ಮಲ್ಲಿಗೆ ಬಂದು, “ಮಾಷ್ಟ್ರೇ, ಕಲ್ಯಾಣ–ಶಿಳ್ ರಸ್ತೆಯ ಅಂಗಡಿಯಲ್ಲಿ ನಿಮ್ಮ ಶಾಲೆಯ ಹುಡುಗನೊಬ್ಬ ಇದ್ದಾನಂತೆ. ಒಂದು ಸಲ ಜೊತೆಗೆ ಬನ್ನಿ ಮಾರಾಯ್ರೆ, ನಿಮ್ಮೆದುರು ಅವನು ಸುಳ್ಳು ಹೇಳಲಿಕ್ಕಿಲ್ಲ” ಎಂದರು. ಹೀಗೆ ಕನ್ನಡ ವ್ಯಾಕರಣವನ್ನು ಕಲಿಸತಕ್ಕ ನಾವು ಒಂದು ಭಾನುವಾರ ಕಾರುಗಳ ಅಲಂಕಾರದಂಗಡಿಯ ಮುಂದೆ ಸ್ಟೂಲಿನ ಮೇಲೆ ಕುಳಿತೆವು.

ಆ ಹುಡುಗನ ಹೆಸರನ್ನು ಹೇಳುವುದಿಲ್ಲ. ಅವನು ಸಂಕೋಚದ ಸ್ವಭಾವದವನು. ಅವನ ತಂದೆತಾಯಿಗಳು ಕಲಬುರ್ಗಿಯ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಬಂದವರು. ನಮ್ಮ ಶಾಲೆಯಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿದ ಮೇಲೆ ಮನೆಯ ಸ್ಥಿತಿಯಿಂದಾಗಿ ದುಡಿಮೆಗೆ ಇಳಿದನು. ಅಂಗಡಿಯ ಯಜಮಾನರು ಒಳ್ಳೆಯವರೇ. ಆದರೆ ವ್ಯಾಪಾರ ವ್ಯಾಪಾರವೇ. ಎರಡು ಬಾರಿ ಸುಟ್ಟ ಇತಿಹಾಸವುಳ್ಳ ಕಾರನ್ನು ಕಂಡು ಅವರು ಹಿಂಜರಿದರು. ಹುಡುಗನು ತಾನು ಮಾಡುವೆನೆಂದನು. ಯಜಮಾನರು ಮರಾಠಿಯಲ್ಲಿ, “ಮಾಡು, ಆದರೆ ಮೂರನೆಯದೂ ಸುಟ್ಟರೆ ಅದರ ಬೆಲೆ ನಿನ್ನ ಸಂಬಳದಿಂದ” ಎಂದರು. ಆ ಬೆಲೆಯೆಂದರೆ ಅವನ ತಿಂಗಳ ಸಂಬಳಕ್ಕೆ ಸರಿಸಮ. ಮಾತು ಅಲ್ಲಿಗೇ ನಿಲ್ಲಲಿಲ್ಲ. ಪಕ್ಕದಲ್ಲಿದ್ದ ಇನ್ನೊಬ್ಬ ಕೆಲಸಗಾರನು ನಗುತ್ತ, “ಕನ್ನಡ ಶಾಲೆಯವನಿಗೆ ಇದರ ಪುಸ್ತಕ ಓದಲು ಬರುತ್ತದೆಯೆ?” ಎಂದನು. ಹುಡುಗನು ಉತ್ತರ ಕೊಡಲಿಲ್ಲ. ನಾವೂ ಕೊಡಲಿಲ್ಲ. ಕೊಡಬೇಕಾದ ಉತ್ತರ ಮಾತಿನದಾಗಿರಲಿಲ್ಲ.

“ಸರ, ಮೊದಲ ಲೆಕ್ಕ ಮಾಡೂಣ್ರಿ. ಆಮ್ಯಾಲೆ ತಂತಿ ಮುಟ್ಟೂಣು” ಎಂದು ಅವನು ರಟ್ಟಿನ ತುಂಡೊಂದನ್ನು ತೆಗೆದುಕೊಂಡು ಚಿತ್ರ ಬರೆಯತೊಡಗಿದನು. ಸ್ಪೀಕರಿನ ಹೃದಯವೆಂದರೆ ತಾಮ್ರದ ತಂತಿಯ ಒಂದು ಸುರುಳಿ. ಅದು ಅಯಸ್ಕಾಂತದ ನಡುವೆ ತೂಗಿಕೊಂಡು ಕಾಗದದ ಶಂಕುವಿಗೆ ಅಂಟಿರುತ್ತದೆ. ವಿದ್ಯುತ್ತು ಹಿಂದಕ್ಕೂ ಮುಂದಕ್ಕೂ ಹರಿದಂತೆ ಸುರುಳಿಯು ಒಳಕ್ಕೂ ಹೊರಕ್ಕೂ ಓಡಾಡಿ ಗಾಳಿಯನ್ನು ತಳ್ಳುತ್ತದೆ; ಅದೇ ನಾದ. ಈ ಹಿರಿಯರ ಸಬ್‌ವೂಫರುಗಳಲ್ಲಿ ಒಂದೊಂದಕ್ಕೂ ಎರಡೆರಡು ಸುರುಳಿಗಳಿದ್ದವು. ಪ್ರತಿಯೊಂದು ಸುರುಳಿಯ ರೋಧ 4 ಓಮ್. ಅವನು ಮೀಟರಿನ ಕಡ್ಡಿಗಳನ್ನು ಮುಟ್ಟಿಸಿ ನೋಡಿದಾಗ 3.5ರ ಆಸುಪಾಸು ಬಂದಿತು. ಕೊರತೆ ಏಕೆಂದು ಕೇಳಿದೆವು. ಮೀಟರು ತೋರಿಸುವುದು ನೇರ ಪ್ರವಾಹಕ್ಕೆ ಇರುವ ರೋಧವನ್ನು. ಹಾಡಿನ ಪ್ರವಾಹವಾದರೋ ದಿಕ್ಕು ಬದಲಿಸುತ್ತಲೇ ಇರುತ್ತದೆ, ಅದಕ್ಕೆ ಸುರುಳಿಯು ಒಡ್ಡುವ ಒಟ್ಟು ತಡೆ ಇನ್ನಷ್ಟು ಹೆಚ್ಚು, ಅದನ್ನೇ ಇಂಪೀಡೆನ್ಸ್ ಎನ್ನುತ್ತಾರೆ, ಎಂದು ವಿವರಿಸಿದನು.

ಅಂತೂ ಲೆಕ್ಕಕ್ಕೆ ಸಿಕ್ಕಿದ್ದು ನಾಲ್ಕು ಸುರುಳಿ, ಒಂದೊಂದಕ್ಕೆ ನಾಲ್ಕು ಓಮ್. ಇವನ್ನು ಜೋಡಿಸುವ ದಾರಿಗಳು ಹಲವು. ಮೊದಲನೆಯದು ಸರಣಿ: ಒಂದರ ಬಾಲಕ್ಕೆ ಇನ್ನೊಂದರ ತಲೆಯನ್ನು ಕಟ್ಟುತ್ತ ಹೋಗುವುದು. ಆಗ ರೋಧಗಳು ಕೂಡುತ್ತವೆ; ನಾಲ್ಕು ನಾಲ್ಕಲ 16 ಓಮ್. ಎರಡನೆಯದು ಸಮಾಂತರ: ಎಲ್ಲ ತಲೆಗಳನ್ನು ಒಂದೆಡೆ, ಎಲ್ಲ ಬಾಲಗಳನ್ನು ಇನ್ನೊಂದೆಡೆ ಕಟ್ಟುವುದು. ಆಗ ರೋಧವು ಹಂಚಿಹೋಗುತ್ತದೆ. ನಾಲ್ಕನ್ನು ನಾಲ್ಕರಿಂದ ಭಾಗಿಸಿದರೆ 1 ಓಮ್. ಸುರುಳಿಗಳು ಹೆಚ್ಚಾದಾಗ ತಡೆ ಕಡಿಮೆಯಾಗುವುದು ವಿಚಿತ್ರವೆಂದು ಹಿರಿಯರಿಗೆ ತೋರಿತು. ಡೊಂಬಿವಲಿಯ ನಿಲ್ದಾಣವನ್ನು ನೆನೆದರೆ ಇದರ ವಿಚಿತ್ರ ಕರಗುತ್ತದೆ. ಸಂಜೆ ಏಳರ ಗಾಡಿಯಿಂದಿಳಿದ ಜನಕ್ಕೆ ಒಂದೇ ಮೆಟ್ಟಿಲುಸಾಲಿದ್ದರೆ ನೂಕುನುಗ್ಗಲು. ಆ ಸಾಲಿನ ಮುಂದೆ ಮತ್ತೊಂದು ಸಾಲನ್ನು ಏರಬೇಕಾಗಿ ಬಂದರೆ ತೊಡಕು ಇಮ್ಮಡಿ, ಇದು ಸರಣಿ. ಆ ಸಾಲಿನ ಪಕ್ಕದಲ್ಲಿಯೇ ಇನ್ನೊಂದು ಸಾಲನ್ನು ಕಟ್ಟಿದರೆ ತೊಡಕು ಅರ್ಧ, ಹರಿಯುವ ಜನ ಎರಡು ಪಟ್ಟು, ಇದು ಸಮಾಂತರ.

ಹಿಂದಿನ ಅಂಗಡಿಯವರು ಮಾಡಿದ್ದು ಇದನ್ನೇ. “ಅಣ್ಣಾರ, ನಾಲ್ಕೂ ಸಮಾಂತರದಾಗ ಕಟ್ಟ್ಯಾರ್ರಿ. ಒಂದ ಓಮ್ ಆಗೇತಿ. ಯಂತ್ರ ಸುಡದ ಏನ ಮಾಡೀತ್ರಿ?” ಎಂದನು ಹುಡುಗ. ಆಂಪ್ಲಿಫೈಯರಿನ ಬೆನ್ನಮೇಲೆ ಸಣ್ಣ ಅಕ್ಷರಗಳಲ್ಲಿ ಬರೆದಿತ್ತು: 4 ಓಮಿಗೆ 400 ವ್ಯಾಟ್, 2 ಓಮಿಗೆ 600 ವ್ಯಾಟ್, ಎರಡಕ್ಕಿಂತ ಕೆಳಗೆ ಕೂಡದು. ಇದರ ಅರ್ಥವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಆಂಪ್ಲಿಫೈಯರ್ 40 ವೋಲ್ಟ್ ಒತ್ತಡದಿಂದ ತಳ್ಳುತ್ತಿದೆಯೆಂದುಕೊಳ್ಳಿರಿ. ಎದುರಿಗೆ 16 ಓಮ್ ಇದ್ದರೆ ಹರಿಯುವ ಪ್ರವಾಹ ಎರಡೂವರೆ ಆಂಪಿಯರ್, ಶಕ್ತಿ 100 ವ್ಯಾಟ್, ನಾದ ಸೊರಗಿದ್ದು. 4 ಓಮ್ ಇದ್ದರೆ ಪ್ರವಾಹ 10 ಆಂಪಿಯರ್. ಶಕ್ತಿ 400 ವ್ಯಾಟ್. ಅದೇ 1 ಓಮ್ ಆದರೆ 40 ಆಂಪಿಯರ್! ಅಷ್ಟನ್ನು ಕೊಡುವ ತ್ರಾಣ ಆ ಯಂತ್ರಕ್ಕಿಲ್ಲ. ಕೊಡಲು ಹೋಗಿ ಕಾಯುತ್ತದೆ, ಕಾದು ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ, ಮತ್ತೆ ಮತ್ತೆ ಒತ್ತಾಯಿಸಿದರೆ ಸುಡುತ್ತದೆ. ಹೊರೆಯನ್ನು ನೋಡಿ ಹೆಗಲು ಕೊಡಬೇಕು, ಹೆಗಲನ್ನು ನೋಡಿ ಹೊರೆ ಏರಿಸಬೇಕು. ಎತ್ತಿನ ಗಾಡಿಯ ಕಾಲದಲ್ಲಿ ನಮ್ಮ ಹಿರಿಯರಿಗೆ ತಿಳಿದಿದ್ದ ಈ ಮಾತೇ ಇಲ್ಲಿಯೂ ನಡೆಯತಕ್ಕದ್ದು.

ಹುಡುಗನು ಮೂರನೆಯ ದಾರಿಯನ್ನು ಹಿಡಿದನು. ಪ್ರತಿಯೊಂದು ಸಬ್‌ವೂಫರಿನ ಎರಡು ಸುರುಳಿಗಳನ್ನು ಸರಣಿಯಲ್ಲಿ ಕಟ್ಟಿದನು. ಒಂದೊಂದು 8 ಓಮ್ ಆಯಿತು. ಆ ಎರಡು ಎಂಟುಗಳನ್ನು ಸಮಾಂತರದಲ್ಲಿ ಕಟ್ಟಿದನು; ಒಟ್ಟು 4 ಓಮ್ ಆಯಿತು. 400 ವ್ಯಾಟುಗಳು ಎರಡಕ್ಕೂ ಸಮನಾಗಿ ಹಂಚಿ ತಲೆಗೆ 200. ಸಬ್‌ವೂಫರಿನ ರಟ್ಟಿನ ಪೆಟ್ಟಿಗೆಯ ಮೇಲೆ ದೊಡ್ಡ ಅಂಕಿಗಳಲ್ಲಿ ಸಾವಿರದ ಮೇಲಿನ ಸಂಖ್ಯೆಯಿತ್ತು. ಒಂದು ಕ್ಷಣ ಮಾತ್ರ ತಾಳಬಲ್ಲ ಗರಿಷ್ಠವದು. ನಿಡುಗಾಲ ತಾಳಬಲ್ಲ ಶಕ್ತಿ ಆರ್‌ಎಂಎಸ್ ಎಂಬ ಮೂರಕ್ಷರಗಳ ಮುಂದೆ ಸಣ್ಣದಾಗಿ ಅಚ್ಚಾಗಿತ್ತು: 200. ಲೆಕ್ಕ ಕೂದಲೆಳೆಯಷ್ಟೂ ತಪ್ಪದೆ ಕೂಡಿಬಂದಿತು. ಹುಡುಗನು ರಟ್ಟಿನ ಮೇಲೆ ಬರೆದಿದ್ದ ‘ಸರಣಿ’, ‘ಸಮಾಂತರ’ ಎಂಬ ಕನ್ನಡದ ಪದಗಳನ್ನು ಅಂಗಡಿಯ ಯಜಮಾನರು ಓದಲಾರರು. ಆದರೆ ಚಿತ್ರವನ್ನೂ ಅಂಕಿಗಳನ್ನೂ ಬಹಳ ಹೊತ್ತು ನೋಡಿದರು.

ಆಮೇಲೆ ತಂತಿಯ ಕೆಲಸ. ಆಂಪ್ಲಿಫೈಯರ್ 400 ವ್ಯಾಟುಗಳನ್ನು ಹೊರಕ್ಕೆ ಕೊಡಬೇಕಾದರೆ, ಬಿಸಿಯಾಗಿ ಹೋಗುವುದನ್ನೂ ಸೇರಿಸಿ, ಬ್ಯಾಟರಿಯ ಕಡೆಯಿಂದ ಸುಮಾರು 500 ವ್ಯಾಟುಗಳನ್ನು ಎಳೆದುಕೊಳ್ಳುತ್ತದೆ. ಎಂಜಿನ್ ಓಡುವಾಗ ಕಾರಿನಲ್ಲಿ ಇರತಕ್ಕ ಒತ್ತಡ ಸುಮಾರು 14 ವೋಲ್ಟ್. ಭಾಗಿಸಿದರೆ ಹೆಚ್ಚು ಕಡಿಮೆ 36 ಆಂಪಿಯರ್. ಮನೆಯ ಗೀಸರಿನ ಪ್ಲಗ್ಗಿಗೆ 16 ಆಂಪಿಯರ್ ಎಂಬುದನ್ನು ನೆನೆದರೆ ಇದು ಎಷ್ಟೆಂಬುದು ತಿಳಿದೀತು. ಆದಕಾರಣ ಅವನು ಕಿರುಬೆರಳಿನ ದಪ್ಪದ ಅಪ್ಪಟ ತಾಮ್ರದ ತಂತಿಯನ್ನು ಆರಿಸಿಕೊಂಡನು. ಅಲ್ಯೂಮಿನಿಯಮಿಗೆ ತಾಮ್ರದ ಲೇಪ ಕೊಟ್ಟ ತಂತಿಯೂ ಪೇಟೆಯಲ್ಲಿ ಅದೇ ದಪ್ಪದಲ್ಲಿ ಅಗ್ಗಕ್ಕೆ ಸಿಗುತ್ತದೆ. ಆದರೆ ಅದು ಅಷ್ಟೇ ಪ್ರವಾಹವನ್ನು ಒಯ್ಯಲಾರದು. ತುದಿಯನ್ನು ಚಾಕುವಿನಿಂದ ಕೆರೆದು ನೋಡಿದರೆ ಒಳಗಣ ಬೆಳ್ಳನೆಯ ಬಣ್ಣ ಗುಟ್ಟನ್ನು ಬಿಟ್ಟುಕೊಡುತ್ತದೆ. ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ 40 ಆಂಪಿಯರಿನ ಫ್ಯೂಸನ್ನು ಕೂಡಿಸಿದನು. ಅಷ್ಟು ಹತ್ತಿರವೇಕೆ? ದಾರಿಯಲ್ಲಿ ಎಲ್ಲಿಯಾದರೂ ತಂತಿಯ ಹೊದಿಕೆ ಸವೆದು ತಗಡಿಗೆ ತಗುಲಿದರೆ, ಫ್ಯೂಸಿನಿಂದಾಚೆಯ ತಂತಿಗೆ ಮಾತ್ರ ರಕ್ಷಣೆ. ಈಚಿನದು ಬೆಂಕಿಯ ಪಾಲು. ಎಂಜಿನ್ನಿನ ಕಡೆಯಿಂದ ಒಳಕ್ಕೆ ಬರುವ ತಗಡಿನ ತೂತಿಗೆ ರಬ್ಬರಿನ ಬಳೆಯನ್ನು ತೊಡಿಸಿದನು. ಋಣದ ತಂತಿಯನ್ನು ಚಿಕ್ಕದಾಗಿ ಇರಿಸಿ, ಡಿಕ್ಕಿಯ ತಗಡಿನ ಬಣ್ಣವನ್ನು ಹೊಳೆಯುವವರೆಗೂ ಉಜ್ಜಿ ಅಲ್ಲಿ ಬಿಗಿದನು. ಸಂಗೀತದ ಸಂಕೇತವನ್ನು ತರತಕ್ಕ ಸಣ್ಣ ತಂತಿಯನ್ನು ಕಾರಿನ ಮತ್ತೊಂದು ಮಗ್ಗುಲಿನಿಂದ ಒಯ್ದನು. ದಪ್ಪ ತಂತಿಯ ಜೊತೆಗೆ ಒಯ್ದರೆ ಎಂಜಿನ್ನಿನ ಸಿಳ್ಳು ಹಾಡಿನೊಳಗೆ ಸೇರಿಕೊಳ್ಳುತ್ತದೆಯಂತೆ.

ಕೊನೆಗೆ ಉಳಿದದ್ದು ಹದ. ಆಂಪ್ಲಿಫೈಯರಿನಲ್ಲಿ ಗೇನ್ ಎಂಬ ತಿರುಪೊಂದು ಉಂಟು. ಅದು ಸದ್ದನ್ನು ಹೆಚ್ಚಿಸುವ ಗುಂಡಿಯೆಂದು ಬಹು ಜನ ಭಾವಿಸುತ್ತಾರೆ. ಒಳಗೆ ಬರುವ ಸಂಕೇತಕ್ಕೂ ಯಂತ್ರದ ಶಕ್ತಿಗೂ ಹೊಂದಾಣಿಕೆ ಮಾಡುವುದು ಅದರ ನಿಜವಾದ ಕೆಲಸ. ಹುಡುಗನು ಸಬ್‌ವೂಫರಿನ ತಂತಿಗಳನ್ನು ಕಳಚಿ, ಸೆಕೆಂಡಿಗೆ 50 ಕಂಪನಗಳ ಒಂದೇ ಸ್ವರವನ್ನು ನುಡಿಸಿ, ಮೀಟರನ್ನು ನೋಡುತ್ತ ಮೆಲ್ಲಮೆಲ್ಲನೆ ತಿರುಪಿದನು. ಶಕ್ತಿಯನ್ನು ರೋಧದಿಂದ ಗುಣಿಸಿ ವರ್ಗಮೂಲವನ್ನು ತೆಗೆದರೆ ವೋಲ್ಟ್ ಬರುತ್ತದೆ: 400ನ್ನು 4ರಿಂದ ಗುಣಿಸಿದರೆ 1,600, ಅದರ ವರ್ಗಮೂಲ 40. ಮೀಟರಿನಲ್ಲಿ 40 ಕಂಡೊಡನೆ ಕೈಯನ್ನು ಹಿಂದಕ್ಕೆ ತೆಗೆದನು. ಅದಕ್ಕೂ ಮೀರಿ ತಿರುಪಿದರೆ ಅಲೆಯ ನೆತ್ತಿ ಕತ್ತರಿಸಿಹೋಗಿ ಚಪ್ಪಟೆಯಾಗುತ್ತದೆ. ಚಪ್ಪಟೆಯಾದ ಅಲೆ ಸುರುಳಿಯನ್ನು ಕಾಯಿಸಿ ಕೊಲ್ಲುತ್ತದೆ. ಶಕ್ತಿ ಕಡಿಮೆಯಿದ್ದ ಯಂತ್ರವನ್ನು ಕಿರುಚಿಸಿದರೂ ಸ್ಪೀಕರು ಸುಡಬಲ್ಲುದೆಂಬ ಸಂಗತಿ ನಮಗೆ ಬಹಳ ಹೊಸದಾಗಿ ತೋರಿತು. ಆಮೇಲೆ ಸುಮಾರು 80 ಕಂಪನಗಳಿಗಿಂತ ಮೇಲಿನ ಸ್ವರಗಳು ಸಬ್‌ವೂಫರಿಗೆ ಹೋಗದಂತೆ ಸೋಸುವ ತಿರುಪನ್ನು ಸರಿಪಡಿಸಿ, ತಂತಿಗಳನ್ನು ಮತ್ತೆ ಬಿಗಿದು, “ನಿಮ್ಮ ಆಟ ಹಚ್ಚರಿ ಅಣ್ಣಾರ” ಎಂದನು.

ಹಿರಿಯರು ಯಕ್ಷಗಾನವನ್ನು ಹಚ್ಚಿದರು. ಯಜಮಾನರು ಆಂಪ್ಲಿಫೈಯರಿನ ಮೇಲೆ ಅಂಗೈಯನ್ನಿಟ್ಟು ನಿಂತರು. ಒಂದು ಗಂಟೆ ಕಳೆಯಿತು; ಯಂತ್ರ ಉಗುರುಬೆಚ್ಚಗೆ ಇತ್ತು, ಅಷ್ಟೆ. ಮದ್ದಳೆಯ ಎಡಮುಖ, ಊರಿನ ಗದ್ದೆಯ ಬಯಲಿನಲ್ಲಿ ಕುಳಿತವರ ಎದೆಗೆ ತಾಕುವಂತೆ, ಮೆತ್ತಗೆ ದಟ್ಟವಾಗಿ ಬಂದು ತಾಕಿತು. ಹಿರಿಯರು ಕಣ್ಣೊರಸಿಕೊಂಡರು. ಈಗ ಆ ಕಾರು ಎರಡು ಬಾರಿ ಊರಿಗೆ ಹೋಗಿಬಂದಿದೆ. ಯಂತ್ರಕ್ಕೆ ಏನೂ ಆಗಿಲ್ಲ. ಹುಡುಗನ ಸಂಬಳಕ್ಕೂ ಏನೂ ಆಗಲಿಲ್ಲ. ದೀಪಾವಳಿಯಿಂದ ಅದು ಕೊಂಚ ಏರಿತೆಂದೂ ಕೇಳಿದ್ದೇವೆ.

ಈ ಕಥೆಯನ್ನು ಇಷ್ಟು ವಿಸ್ತಾರವಾಗಿ ಹೇಳಿದ್ದಕ್ಕೆ ಕಾರಣವಿದೆ. ಪ್ರತಿ ವರ್ಷವೂ ಜೂನ್ ತಿಂಗಳಿಗೆ ಮುನ್ನ ನಾವು ಶಿಕ್ಷಕರು ಕನ್ನಡಿಗರ ಮನೆಗಳ ಮೆಟ್ಟಿಲನ್ನೇರಿ, ಮಕ್ಕಳನ್ನು ನಮ್ಮ ಶಾಲೆಗೆ ಕಳುಹಿಸಿರೆಂದು ಬೇಡಿಕೊಳ್ಳುತ್ತೇವೆ. ಕುಡಿಯಲು ಚಹ ಸಿಗುತ್ತದೆ. ಆದರದ ಮಾತೂ ಸಿಗುತ್ತದೆ. ಮಗು ಮಾತ್ರ ಸಿಗುವುದಿಲ್ಲ. “ಕನ್ನಡದಲ್ಲಿ ವಿಜ್ಞಾನ ಓದಿ ಮಗ ಏನು ಮಾಡಬೇಕು ಸರ್?” ಎಂಬ ಪ್ರಶ್ನೆ ಎಲ್ಲ ಮನೆಗಳಲ್ಲಿಯೂ ನಮ್ಮನ್ನು ಎದುರುಗೊಳ್ಳುತ್ತದೆ. ತರಗತಿಗಳಲ್ಲಿ ಬೆಂಚುಗಳು ಬರಿದಾಗುತ್ತಿವೆ. ಕನ್ನಡ ಮಾಧ್ಯಮದಲ್ಲಿಯೇ ಕಲಿತು, ಆ ಕಲಿಕೆಯ ಬಲದಿಂದಲೇ ಈ ಪರನಾಡಿಗೆ ಬಂದು ಅನ್ನ ಕಾಣುತ್ತಿರುವ ನಮಗೆ ಆ ಪ್ರಶ್ನೆ ಬರಿಯ ವಾದವಲ್ಲ.

ಆ ಪ್ರಶ್ನೆಗೆ ನಾವು ಕೊಡತಕ್ಕ ಉತ್ತರವಿದು. ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿಯಾದ ಬಾಲಭಾರತಿಯು 1967ರಲ್ಲಿ ಸ್ಥಾಪಿತವಾದುದು. ಮರಾಠಿ ಇಂಗ್ಲಿಷುಗಳೊಡನೆ ಕನ್ನಡದಲ್ಲಿಯೂ ಅದು ಪುಸ್ತಕಗಳನ್ನು ಅಚ್ಚುಮಾಡುತ್ತದೆ. ಆ ಪುಸ್ತಕದ ಪದಗಳು ಬಾಯಿಪಾಠಕ್ಕೆಂದು ಇಟ್ಟ ಕಲ್ಲುಗಳಲ್ಲ. ಸರಣಿಯೆಂದರೆ ಸಾಲು, ಹೆಸರೇ ಚಿತ್ರವನ್ನು ಬರೆದುಕೊಡುತ್ತದೆ. ಸಮಾಂತರವೆಂದರೆ ಸಮನಾದ ಅಂತರದಲ್ಲಿ ಅಕ್ಕಪಕ್ಕ ನಡೆಯುವುದು. ರೋಧವೆಂಬ ಪದದ ಬೇರು ‘ರುಧ್’. ವಿರೋಧ, ನಿರೋಧ, ಅವರೋಧಗಳೆಲ್ಲ ಅದರ ಒಡಹುಟ್ಟುಗಳು. ಇವನ್ನು ವ್ಯಾಕರಣದ ಗಂಟೆಯಲ್ಲಿ ನಾವು ಹೇಳಿಕೊಟ್ಟಿದ್ದೇವೆ. ವಿಜ್ಞಾನದ ಗಂಟೆಯಲ್ಲಿ ನಮ್ಮ ಸಹೋದ್ಯೋಗಿಗಳು ಬಲ್ಬು ತಂತಿಗಳಿಂದ ತೋರಿಸಿಕೊಟ್ಟಿದ್ದಾರೆ. ಅರ್ಥವು ಹುಡುಗನ ತಲೆಯಲ್ಲಿ ಊರಿದ್ದುದರಿಂದಲೇ ಅದು ರಸ್ತೆಯಂಚಿನ ಅಂಗಡಿಯಲ್ಲಿ ಚಿಗುರಿತು.

ಈ ಸಂದರ್ಭದಲ್ಲಿ ಓಮನನ್ನು ನೆನೆಯದಿರುವುದು ಕೃತಘ್ನತೆಯಾದೀತು. ಗೆಯೋರ್ಗ್ ಓಮ್ 1789ರಲ್ಲಿ ಜರ್ಮನಿಯ ಎರ್ಲಾಂಗನ್ ಪಟ್ಟಣದಲ್ಲಿ ಹುಟ್ಟಿದವನು. ತಂದೆ ಬೀಗ ಮಾಡುವ ಕಸುಬಿನವನು. ತಾನೇ ಕಲಿತು, ಮಕ್ಕಳಿಗೆ ತಾನೇ ಗಣಿತವನ್ನು ಕಲಿಸಿದವನು. ಓಮನು 1817ರಿಂದ ಕಲೋನ್ ನಗರದ ಶಾಲೆಯೊಂದರಲ್ಲಿ ಉಪಾಧ್ಯಾಯನಾಗಿದ್ದನು. ಪಾಠ ಮುಗಿದ ಮೇಲೆ ಶಾಲೆಯ ಪ್ರಯೋಗಶಾಲೆಯಲ್ಲಿ ತಂತಿಗಳನ್ನಿಟ್ಟುಕೊಂಡು ಪ್ರಯೋಗಗಳನ್ನು ನಡೆಸಿದನು. 1827ರಲ್ಲಿ ತನ್ನ ನಿಯಮವನ್ನು ವಿವರಿಸುವ ಗ್ರಂಥವನ್ನು ತನ್ನ ತಾಯ್ನುಡಿಯಾದ ಜರ್ಮನಿನಲ್ಲಿಯೇ ಪ್ರಕಟಿಸಿದನು. ಸ್ವದೇಶದ ಪಂಡಿತರು ಅದನ್ನು ಆದರಿಸಲಿಲ್ಲ. ಮನನೊಂದು ಅವನು ಕೆಲಸವನ್ನು ಬಿಟ್ಟನು. ಹದಿನಾಲ್ಕು ವರ್ಷಗಳ ಮೇಲೆ, 1841ರಲ್ಲಿ, ಲಂಡನ್ನಿನ ರಾಯಲ್ ಸೊಸೈಟಿಯು ಕಾಪ್ಲಿ ಪದಕವನ್ನಿತ್ತು ಅವನನ್ನು ಗೌರವಿಸಿತು. ಠಾಣೆಯಿಂದ ಕಲ್ಯಾಣದವರೆಗೆ ರೈಲು ಬಂದ ಅದೇ 1854ರಲ್ಲಿ ಅವನು ತೀರಿಕೊಂಡನು. 1881ರ ಪ್ಯಾರಿಸ್ ಸಮ್ಮೇಳನವು ರೋಧದ ಅಳತೆಗೆ ಅವನ ಹೆಸರನ್ನೇ ಒಪ್ಪಿಕೊಂಡಿತು. ಬೀಗದವನ ಮಗನಾದ ಶಾಲಾಮಾಸ್ತರನೊಬ್ಬನ ಹೆಸರನ್ನು ಇಂದು ಕಲ್ಯಾಣದ ರಸ್ತೆಯಲ್ಲಿ ಗಾರೆಯವನ ಮಗನು ದಿನಕ್ಕೆ ಹತ್ತು ಸಲ ಉಚ್ಚರಿಸುತ್ತಾನೆ.

ಆದರೂ ಒಂದು ಮಾತನ್ನು ಮರೆಮಾಚಬಾರದು. ಪೆಟ್ಟಿಗೆಗಳ ಮೇಲಿನ ಬರಹ ಇಂಗ್ಲಿಷಿನದು. ಅದನ್ನು ಓದಿ ತಿಳಿಯುವುದಕ್ಕೆ ಆ ಹುಡುಗನು ರಾತ್ರಿಗಳನ್ನು ಸವೆಸಿದ್ದಾನೆ. ಒಂದು ಹಳೆಯ ನೋಟುಪುಸ್ತಕದಲ್ಲಿ ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡದ ಅರ್ಥ ಬರೆದಿಟ್ಟುಕೊಂಡಿದ್ದಾನೆ. ಆ ಪಟ್ಟಿಯನ್ನು ಶಾಲೆಯಲ್ಲಿಯೇ ಸಿದ್ಧಪಡಿಸಿ ಮಕ್ಕಳ ಕೈಗೆ ಕೊಡುವುದು ನಮ್ಮ ಹೊಣೆ. ತತ್ತ್ವವು ಕನ್ನಡದಲ್ಲಿ ಮನಸ್ಸಿಗಿಳಿಯಲಿ. ಪೇಟೆಯ ಪದವು ಅದರ ಪಕ್ಕದಲ್ಲಿ ನಡೆದುಬರಲಿ. ಇದೂ ಒಂದು ಸಮಾಂತರ ಜೋಡಣೆ. ಇದರಿಂದ ತಡೆ ಕಡಿಮೆಯಾಗುತ್ತದೆ, ಹರಿವು ಹೆಚ್ಚುತ್ತದೆ.

ಸದ್ದಿನ ಬಗ್ಗೆಯೂ ಎರಡು ಮಾತು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ಇರುಳು 45 ಡೆಸಿಬೆಲ್ಲು ಮಿತಿ. ಶಾಲೆ, ಆಸ್ಪತ್ರೆ, ನ್ಯಾಯಾಲಯಗಳ ಸುತ್ತಣ 100 ಮೀಟರುಗಳನ್ನು ಶಾಂತವಲಯವೆಂದು ಸಾರಲು ಸರಕಾರಕ್ಕೆ ಅಧಿಕಾರವಿದೆ. ಕಾರಿನೊಳಗಿನವರ ಕಿವಿಗೆ ಬೇಕಾದಷ್ಟು ನಾದ, ಬೀದಿಯವರ ಎದೆಗೆ ತಾಕದಷ್ಟು ಮಿತಿ, ಈ ಎರಡರ ಹೊಂದಾಣಿಕೆಯನ್ನು ಯಾವ ಮೀಟರೂ ಮಾಡಿಕೊಡದು. ಗಿರಾಕಿಯೊಬ್ಬನು, “ಓಣಿಯೆಲ್ಲ ನಡುಗಬೇಕು” ಎಂದು ಹಟ ಹಿಡಿದಾಗ ನಮ್ಮ ಹುಡುಗನು, “ಓಣ್ಯಾಗ ಕೂಸುಗಳು ಮಲಗಿರ್ತಾವ್ರಿ” ಎಂದು ಹೇಳಿ ಗೇನಿನ ತಿರುಪನ್ನು ಲೆಕ್ಕದ ಗೆರೆಯಲ್ಲಿಯೇ ನಿಲ್ಲಿಸಿದನಂತೆ.

ವಿದ್ಯಾರ್ಥಿ ಮಿತ್ರರೆ, ಓದಿದ್ದಾಯಿತು. ಇನ್ನು ನಿಮ್ಮ ಸರದಿ. ಸಬ್‌ವೂಫರ್ ಒಂದೇ; ಅದಕ್ಕೆ 2 ಓಮಿನ ಎರಡು ಸುರುಳಿಗಳು. ಆಂಪ್ಲಿಫೈಯರ್ 2 ಓಮಿಗಿಂತ ಕೆಳಗಿನ ಹೊರೆಯನ್ನು ತಾಳದು. ಸುರುಳಿಗಳನ್ನು ಹೇಗೆ ಜೋಡಿಸುವಿರಿ? ಆ ಜೋಡಣೆಗೆ 100 ವ್ಯಾಟ್ ಶಕ್ತಿಯನ್ನು ಕೊಡಬೇಕಾದರೆ ಮೀಟರು ಎಷ್ಟು ವೋಲ್ಟ್ ತೋರಿಸಿದಾಗ ತಿರುಪಿನಿಂದ ಕೈ ತೆಗೆಯುವಿರಿ? ಚಿತ್ರ ಸಹಿತವಾಗಿ ಕನ್ನಡದಲ್ಲಿ ಬರೆದು, ಬಿಡುವಿನ ವೇಳೆಯಲ್ಲಿ ಶಿಕ್ಷಕರ ಕೊಠಡಿಗೆ ತಂದು ತೋರಿಸಿರಿ.